ಪೆರೋಟಿಡ್ ಸರ್ಜರಿಯಲ್ಲಿ ಮುಖದ ನರದ ಮಾನಿಟರ್: ಸೂಜಿ ಹಾಕುವುದರಿಂದ ಕೊನೆಯ ಪರೀಕ್ಷೆವರೆಗೆ

ಪ್ರೋಬ್ (ನರವನ್ನು ಕೆಣಕಲು ಸಣ್ಣ ಕರೆಂಟ್ ಕೊಡುವ ಕಡ್ಡಿ) ಇಟ್ಟರು, ಸದ್ದು ಬರಲಿಲ್ಲ, ನರ ಅಲ್ಲ ಅಂದುಕೊಂಡು ಕತ್ತರಿಸಿದರು. ಪೆರೋಟಿಡ್, ಅಂದರೆ ಕಿವಿಯ ಮುಂದಿರುವ, ಮುಖದ ನರ ಒಳಗೆ ಹಾದುಹೋಗುವ ಜೊಲ್ಲು ಗ್ರಂಥಿಯ ಸರ್ಜರಿ ಕಲಿಯುತ್ತಿರುವವರು ಮತ್ತೆ ಮತ್ತೆ ಎಡವುವುದು ಇಲ್ಲೇ. ಮೆಷಿನ್ ಇತ್ತು, ಸೂಜಿ ಹಾಕಿದ್ದರು, ಪರದೆ ಮೇಲೆ ಗೆರೆಯೂ ಓಡುತ್ತಿತ್ತು. ಆದರೆ ಆ ಹೊತ್ತಿಗೆ ಮಾನಿಟರ್ ನಿಜವಾಗಿ ಕೆಲಸ ಮಾಡುತ್ತಿತ್ತಾ ಅಂತ ಯಾರೂ ನೋಡಿರಲಿಲ್ಲ.

ಮಾನಿಟರ್ ಸುಮ್ಮನಿರುವುದಕ್ಕೆ ಕಾರಣ ಹತ್ತಾರು. ಅಲ್ಲಿ ನರ ಇಲ್ಲದಿರಬಹುದು, ಪ್ರೋಬಿನ ವೈರ್ ಕಳಚಿರಬಹುದು, ರಿಲ್ಯಾಕ್ಸೆಂಟ್ (ಸ್ನಾಯು ಸಡಿಲಿಸುವ ಔಷಧಿ) ಇನ್ನೂ ಇಳಿಯದೇ ಇರಬಹುದು, ಗಾಯದಲ್ಲಿ ನಿಂತ ರಕ್ತ ಕರೆಂಟನ್ನು ಬೇರೆ ಕಡೆ ಎಳೆದುಕೊಂಡಿರಬಹುದು. ಇವೆಲ್ಲವೂ ಕಿವಿಗೆ ಒಂದೇ ಥರ ಕೇಳುತ್ತವೆ, ಅಂದರೆ ಕೇಳುವುದೇ ಇಲ್ಲ. ಹಾಗಾಗಿ ಈ ಬರಹದ ಮುಕ್ಕಾಲು ಭಾಗ ಒಂದೇ ಪ್ರಶ್ನೆಗೆ ಮೀಸಲು: ಈ ಮೌನವನ್ನು ಯಾವಾಗ ನಂಬಬೇಕು?

ಇದನ್ನು ಬರೆದಿರುವುದು ಪೆರೋಟಿಡ್ ಮಾಡಲು ಶುರು ಮಾಡಿರುವ ಸರ್ಜನ್‌ಗಳಿಗೆ, ಅವರ ಜೊತೆ ನಿಲ್ಲುವ ಓಟಿ ಟೆಕ್ನಿಶಿಯನ್‌ಗಳಿಗೆ, ಅನಸ್ತೇಷಿಯಾದವರಿಗೆ. ಹಿರಿಯರ ಜೊತೆ ನಿಂತು ಕಲಿಯುವುದಕ್ಕೆ ಇದು ಬದಲಿ ಅಲ್ಲ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಾನಿಟರ್ ಬಳಸಿದರೆ ಸರ್ಜರಿ ಆದ ತಕ್ಷಣ ಕಾಣುವ ತಾತ್ಕಾಲಿಕ ದೌರ್ಬಲ್ಯ ಕಡಿಮೆ ಆಗುತ್ತದೆ ಅನ್ನುವುದಕ್ಕೆ ಆಧಾರ ಇದೆ. ಶಾಶ್ವತ ದೌರ್ಬಲ್ಯ ಕಡಿಮೆ ಆಗುತ್ತದೆ ಅನ್ನುವುದು ಅಷ್ಟು ಗಟ್ಟಿಯಾಗಿ ಸಾಬೀತಾಗಿಲ್ಲ. ಅಂಗರಚನೆ ಗೊತ್ತಿಲ್ಲದವರನ್ನು ಯಾವ ಮೆಷಿನ್ನೂ ಕಾಪಾಡುವುದಿಲ್ಲ.

## ಬೇಕಾಗುವ ಸಾಮಾನು

ಕನಿಷ್ಠ 2 ಚಾನೆಲ್ ಇರುವ ಇಎಂಜಿ (ಸ್ನಾಯುವಿನ ವಿದ್ಯುತ್ ಅಲೆ ಹಿಡಿಯುವ) ಮಾನಿಟರ್ ಬೇಕು. ಪೆರೋಟಿಡ್‌ಗೆ 4 ಚಾನೆಲ್ ಇದ್ದರೆ ಒಳ್ಳೆಯದು. ಪ್ರತಿ ಚಾನೆಲ್‌ಗೆ ಚರ್ಮದಡಿ ಹಾಕುವ ಒಂದು ಜೋಡಿ ಸೂಜಿ ಎಲೆಕ್ಟ್ರೋಡ್, ಒಂದು ಗ್ರೌಂಡ್, ಕರೆಂಟ್ ವಾಪಸ್ ಬರಲು ಒಂದು ರಿಟರ್ನ್ ಎಲೆಕ್ಟ್ರೋಡ್. ಸ್ಟಿಮ್ಯುಲೇಟರ್ ಪ್ರೋಬ್. ಕಾಟರಿ (ಕರೆಂಟ್‌ನಿಂದ ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ನಡೆಯುವಾಗ ಮಾನಿಟರ್ ಸದ್ದು ತಾನೇ ನಿಲ್ಲುವಂತೆ ಮಾಡುವ ಮ್ಯೂಟ್ ಕ್ಲಿಪ್. ರಿಲ್ಯಾಕ್ಸೆಂಟ್ ಎಷ್ಟು ಇಳಿದಿದೆ ಎಂದು ಅಳೆಯಲು ಟ್ರೇನ್ ಆಫ್ ಫೋರ್ ಉಪಕರಣ (ನರಕ್ಕೆ ನಾಲ್ಕು ಪಲ್ಸ್ ಕೊಟ್ಟು, ಎಷ್ಟಕ್ಕೆ ಸ್ನಾಯು ಕದಲುತ್ತದೆ ಅಂತ ನೋಡುವುದು). ಮುಖದ ಅರ್ಧಭಾಗ ಕಾಣುವಂಥ ಪಾರದರ್ಶಕ ಡ್ರೇಪ್.

ಮೊನೊಪೋಲಾರ್ ಪ್ರೋಬ್ ಬೇಕಾ ಬೈಪೋಲಾರ್ ಬೇಕಾ ಅಂತ ತುಂಬ ಜನ ಕೇಳುತ್ತಾರೆ. ಮೊನೊಪೋಲಾರ್‌ನಲ್ಲಿ ಕರೆಂಟ್ ಸುತ್ತ ಹರಡುತ್ತದೆ, ಹಾಗಾಗಿ ನರ ಹುಡುಕಲು ಅನುಕೂಲ. ಬೈಪೋಲಾರ್‌ನಲ್ಲಿ ಎರಡು ತುದಿಗಳ ನಡುವೆ ಮಾತ್ರ ಹರಿಯುತ್ತದೆ, ಹಾಗಾಗಿ "ಇದೇ ನರವಾ" ಎಂದು ಖಚಿತ ಮಾಡಿಕೊಳ್ಳಲು ಅನುಕೂಲ. ಒಂದೇ ಇಟ್ಟುಕೊಳ್ಳುವುದಾದರೆ ಮೊನೊಪೋಲಾರ್ ಇರಲಿ.

## ಹಂತ 1: ಸರ್ಜರಿಗೆ ಮುಂಚೆ ಮುಖ ನೋಡಿ, ಬರೆದಿಡಿ

ಹುಬ್ಬು ಎತ್ತಿಸಿ, ಕಣ್ಣು ಬಿಗಿಯಾಗಿ ಮುಚ್ಚಿಸಿ, ಹಲ್ಲು ತೋರಿಸಲು ಹೇಳಿ, ತುಟಿ ಮುಂದೆ ಮಾಡಲು ಹೇಳಿ. ಹೌಸ್-ಬ್ರಾಕ್‌ಮನ್ ಗ್ರೇಡ್ 1ರಿಂದ 6ರಲ್ಲಿ (1 ಅಂದರೆ ಮುಖ ಪೂರ್ತಿ ಸರಿ, 6 ಅಂದರೆ ಅಲುಗಾಟವೇ ಇಲ್ಲ) ಎಷ್ಟು ಅಂತ ಬರೆದುಕೊಳ್ಳಿ. ರೋಗಿ ಒಪ್ಪಿದರೆ ಒಂದು ಚಿಕ್ಕ ವಿಡಿಯೋ ತೆಗೆದಿಡಿ. ಕೆಳತುಟಿಯ ಒಂದು ಬದಿ ಹುಟ್ಟಿನಿಂದಲೇ ಸ್ವಲ್ಪ ಕಡಿಮೆ ಇಳಿಯುವವರು ಇದ್ದಾರೆ. ಮುಂಚೆ ನೋಡದೇ ಇದ್ದರೆ ಆಮೇಲೆ ಅದು ಸರ್ಜರಿಯಿಂದ ಆದದ್ದೋ ಅಲ್ಲವೋ ಹೇಳಲು ಆಗುವುದಿಲ್ಲ.

ಮೊದಲೇ ದೌರ್ಬಲ್ಯ ಇದ್ದರೆ ಎರಡು ವಿಷಯ ಬದಲಾಗುತ್ತವೆ. ಒಂದು, ಗಡ್ಡೆ ಕ್ಯಾನ್ಸರ್ ಇರಬಹುದು ಅನ್ನುವ ಅನುಮಾನ ಜಾಸ್ತಿ ಆಗುತ್ತದೆ. ಎರಡು, ಮಾನಿಟರ್‌ನಲ್ಲಿ ಸಿಗುವ ಅಲೆ ಚಿಕ್ಕದಿರುತ್ತದೆ, ಉತ್ತರ ಬರಿಸಲು ಕರೆಂಟ್ ಜಾಸ್ತಿ ಬೇಕಾಗುತ್ತದೆ. ಅಂಥವರಲ್ಲಿ ಕೆಳಗೆ ಹೇಳಿರುವ ಅಂಕಿಗಳನ್ನು ಹಾಗೇ ಹಚ್ಚಬೇಡಿ.

ಪೇಸ್‌ಮೇಕರ್ ಅಥವಾ ಒಳಗೆ ಅಳವಡಿಸಿದ ಬೇರೆ ಯಾವುದಾದರೂ ವಿದ್ಯುತ್ ಉಪಕರಣ ಇದೆಯಾ ಅಂತಲೂ ಇಲ್ಲೇ ಕೇಳಿಬಿಡಿ.

## ಹಂತ 2: ಅನಸ್ತೇಷಿಯಾದವರ ಜೊತೆ ಮಾತು, ರೋಗಿ ಮಲಗುವ ಮೊದಲೇ

ಈ ಮಾತು ಆಡದೇ ಇರುವುದರಿಂದಲೇ ಅತಿ ಹೆಚ್ಚು ಕೇಸ್ ಕೆಡುತ್ತವೆ. ಮಾನಿಟರ್ ಕೇಳಿಸಿಕೊಳ್ಳುವುದು ಸ್ನಾಯುವನ್ನು. ನರ ಸರಿಯಾಗಿದ್ದರೂ, ಸ್ನಾಯುವಿಗೆ ರಿಲ್ಯಾಕ್ಸೆಂಟ್ ಕೊಟ್ಟಿದ್ದರೆ ಏನೂ ಬರುವುದಿಲ್ಲ.

ಇಂಟ್ಯುಬೇಷನ್‌ಗೆ (ಉಸಿರಾಟದ ಟ್ಯೂಬ್ ಹಾಕಲು) ಸಕ್ಸಿನೈಲ್‌ಕೋಲಿನ್ ಅನ್ನುವ ರಿಲ್ಯಾಕ್ಸೆಂಟ್ ಬಳಸಿದರೆ ಅದು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ರೋಕುರೋನಿಯಂ ಆದರೆ ಕಡಿಮೆ ಡೋಸ್ ಕೇಳಿ. ಮಾಮೂಲಿ ಡೋಸ್ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯಬಹುದು, ಬೇಕಾದರೆ ಸುಗಮಾಡೆಕ್ಸ್ ಕೊಟ್ಟು ಇಳಿಸಬಹುದು. ಮುಖ್ಯವಾದದ್ದು ಇದು: ಇಂಟ್ಯುಬೇಷನ್ ಆದಮೇಲೆ ಮತ್ತೆ ಡೋಸ್ ಬೇಡ. ರೋಗಿ ಸ್ವಲ್ಪ ಅಲುಗಾಡಿದ ಕೂಡಲೇ ಕೈ ತಾನಾಗಿ ರಿಲ್ಯಾಕ್ಸೆಂಟ್ ಸಿರಿಂಜ್ ಕಡೆ ಹೋಗುತ್ತದೆ, ಅದು ಅಭ್ಯಾಸಬಲ. ಆಗ ಪ್ರೊಪೋಫಾಲ್, ಓಪಿಯಾಯ್ಡ್ ಅಥವಾ ಗ್ಯಾಸ್ ಜಾಸ್ತಿ ಮಾಡಿ ಆಳ ಹೆಚ್ಚಿಸಲಿ, ರಿಲ್ಯಾಕ್ಸೆಂಟ್ ಬೇಡ ಅಂತ ಮೊದಲೇ ಮಾತಾಗಿರಬೇಕು. ಗ್ಯಾಸ್‌ನಿಂದ ಈ ಥರದ ಇಎಂಜಿಗೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ನಡುವೆ ಅನಸ್ತೇಷಿಯಾ ಡಾಕ್ಟರ್ ಬದಲಾದರೆ ಹೊಸಬರಿಗೂ ಇದನ್ನು ಹೇಳಿ. ನಡುಮಧ್ಯದಲ್ಲಿ ಸದ್ದು ನಿಲ್ಲುವ ಕೇಸ್‌ಗಳಲ್ಲಿ ಕಾರಣ ಹುಡುಕುತ್ತ ಹೋದರೆ ಆಗಾಗ ಸಿಗುವುದು ಈ ಕೈಬದಲಾವಣೆಯೇ.

ಹೆಬ್ಬೆರಳಲ್ಲಿ ಟ್ರೇನ್ ಆಫ್ ಫೋರ್ ನೋಡಿದಾಗ ನಾಲ್ಕಕ್ಕೆ ನಾಲ್ಕು, ಮಂಕಾಗದೇ ಬರಬೇಕು. ಮುಖದ ಸ್ನಾಯುಗಳು ಹೆಬ್ಬೆರಳಿಗಿಂತ ಬೇಗ ಚೇತರಿಸಿಕೊಳ್ಳುತ್ತವೆ, ಹಾಗಾಗಿ ಬೆರಳು ಸರಿ ಇದ್ದರೆ ಮುಖವೂ ಸರಿ ಇದೆ ಅಂತ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಇನ್ನೊಂದು ಬಲೆ ಸರ್ಜನ್ ಕೈಯಲ್ಲೇ ಇದೆ. ಚರ್ಮ ಕೊಯ್ಯುವ ಮೊದಲು ಲಿಗ್ನೋಕೇನ್ ಚುಚ್ಚುವ ಅಭ್ಯಾಸ ತುಂಬ ಕಡೆ ಇದೆ. ಕಿವಿಯ ಕೆಳಗೆ ಸ್ವಲ್ಪ ಆಳಕ್ಕೆ ಹೋದರೆ ಅದು ನರದ ಕಾಂಡವನ್ನೇ (ಕವಲೊಡೆಯುವ ಮೊದಲಿನ ದಪ್ಪ ಭಾಗವನ್ನೇ) ಜೋಮು ಹಿಡಿಸುತ್ತದೆ. ಆಮೇಲೆ ಗಂಟೆಗಟ್ಟಲೆ ಮಾನಿಟರ್ ಮೌನ. ರಕ್ತ ಕಡಿಮೆ ಆಗಲಿ ಅಂತ ಚುಚ್ಚುವುದಾದರೆ ಸಲೈನ್‌ನಲ್ಲಿ ಬೆರೆಸಿದ ಅಡ್ರಿನಲಿನ್ ಸಾಕು, ಲಿಗ್ನೋಕೇನ್ ಬೇಡ.

## ಹಂತ 3: ಸೂಜಿ ಹಾಕುವುದು

ಟ್ಯೂಬ್ ಭದ್ರ ಮಾಡಿದ ಮೇಲೆ, ಡ್ರೇಪ್ ಹಾಕುವ ಮೊದಲು. ಸ್ಪಿರಿಟ್‌ನಿಂದ ಚರ್ಮ ಒರೆಸಿ, ಒಣಗಲು ಬಿಡಿ.

ನಾಲ್ಕು ಚಾನೆಲ್ ಇದ್ದರೆ: ಹುಬ್ಬಿನ ಮೇಲೆ ಹಣೆಯ ಸ್ನಾಯು, ಕಣ್ಣಿನ ಹೊರಮೂಲೆಯ ಹತ್ತಿರ ಕಣ್ಣು ಮುಚ್ಚುವ ಸ್ನಾಯು, ಬಾಯಿಯ ಮೂಲೆಯ ಹತ್ತಿರ ಮೇಲ್ದುಟಿ, ಮತ್ತು ಗದ್ದ. ಎರಡೇ ಚಾನೆಲ್ ಇದ್ದರೆ ಕಣ್ಣು ಮತ್ತು ಬಾಯಿ. ಜೋಡಿಯ ಎರಡು ಸೂಜಿಗಳ ನಡುವೆ ಅರ್ಧ ಸೆಂಟಿಮೀಟರ್ ಆಸುಪಾಸು ಅಂತರ ಇರಲಿ, ಎರಡೂ ಒಂದಕ್ಕೊಂದು ಸಮಾನಾಂತರ ಇರಲಿ.

ಕಣ್ಣಿನ ಸೂಜಿಗಳನ್ನು ಹಾಕುವಾಗ ಮಾತ್ರ ನಿಧಾನ. ಎಡಗೈ ಬೆರಳಿನಿಂದ ಮೂಳೆಯ ಅಂಚನ್ನು ಮುಟ್ಟಿ ಗುರುತಿಸಿ, ಅದರ ಹೊರಗೆ, ಸೂಜಿಯ ತುದಿ ಕಣ್ಣುಗುಡ್ಡೆಯಿಂದ ಆಚೆ ನೋಡುವಂತೆ, ಚರ್ಮಕ್ಕೆ ಹೆಚ್ಚುಕಡಿಮೆ ಮಲಗಿಸಿ ತೂರಿಸಿ. ತೂರಿಸಿದ ಮೇಲೆ ಬೆರಳು ತೆಗೆಯದೇ ಟೇಪ್ ಹಚ್ಚಿ, ಆಮೇಲೆ ವೈರಿನಲ್ಲಿ ಒಂದು ಚಿಕ್ಕ ಸುತ್ತು ಬಿಟ್ಟು ಅದರ ಮೇಲೂ ಒಂದು ಟೇಪ್ ಹಾಕಿ. ಯಾರಾದರೂ ವೈರ್ ಎಳೆದರೆ ಆ ಸುತ್ತು ಬಿಗಿಯಾಗುತ್ತದೆ, ಸೂಜಿ ಅಲುಗಾಡುವುದಿಲ್ಲ. ಕಣ್ಣಿಗೆ ಆಯಿಂಟ್‌ಮೆಂಟ್ ಹಾಕಿ ರೆಪ್ಪೆ ಮುಚ್ಚುವುದನ್ನು ಮರೆಯಬೇಡಿ.

ಇಲ್ಲಿ ಆಗುವ ತಪ್ಪುಗಳು ಹೀಗಿವೆ. ಬಾಯಿಯ ಸೂಜಿ ತೀರಾ ಹಿಂದಕ್ಕೆ, ಕೆನ್ನೆಯ ಕಡೆ ಹೋದರೆ ಅದು ಅಗಿಯುವ ಸ್ನಾಯುವಾದ ಮ್ಯಾಸೆಟರ್‌ನ ಸದ್ದನ್ನು ಹಿಡಿಯುತ್ತದೆ. ಆ ಸ್ನಾಯು ಮುಖದ ನರದ್ದಲ್ಲ, ಟ್ರೈಜೆಮಿನಲ್ ನರದ್ದು. ಜೋಡಿ ಸೂಜಿಗಳ ತುದಿ ಚರ್ಮದಡಿ ಒಂದಕ್ಕೊಂದು ತಾಗಿದರೆ ಇನ್ನೂ ಕಷ್ಟ: ಪರದೆಯಲ್ಲಿ ಇಂಪೀಡೆನ್ಸ್ (ಕರೆಂಟ್‌ಗೆ ಇರುವ ಅಡ್ಡಿ) ಚೆನ್ನಾಗಿ ಕಾಣುತ್ತದೆ, ಆದರೆ ಮೆಷಿನ್ ಅಳೆಯುವುದು ಎರಡರ ನಡುವಿನ ವ್ಯತ್ಯಾಸವನ್ನು ಅಲ್ವಾ, ಆ ವ್ಯತ್ಯಾಸವೇ ಸೊನ್ನೆಯಾಗಿ ಚಾನೆಲ್ ಸತ್ತುಹೋಗುತ್ತದೆ. ಇಂಪೀಡೆನ್ಸ್ ತೀರಾ ಕಡಿಮೆ, ಅನುಮಾನ ಬರುವಷ್ಟು ಕಡಿಮೆ ಇದ್ದರೆ ಸೂಜಿ ತೆಗೆದು ಮತ್ತೆ ಹಾಕಿ.

ಗ್ರೌಂಡ್ ಮತ್ತು ರಿಟರ್ನ್ ಎಲೆಕ್ಟ್ರೋಡ್‌ಗಳನ್ನು ಎದೆಮೂಳೆಯ ಮೇಲೋ ಭುಜದ ಮೇಲೋ ಹಾಕಿ. ಮಾನಿಟರ್ ವೈರ್‌ಗಳು ಕಾಟರಿ ವೈರ್ ಜೊತೆ ಸೇರಿ ಓಡಬಾರದು. ಎರಡೂ ಟೇಬಲ್‌ನ ಬೇರೆ ಬೇರೆ ಕಡೆಯಿಂದ ಬರಲಿ.

## ಹಂತ 4: ಡ್ರೇಪ್‌ಗೆ ಮುಂಚೆ ನಾಲ್ಕು ತಪಾಸಣೆ

ಹೆಚ್ಚಿನವರು ಮಾಡುವುದು ಒಂದೇ ತಪಾಸಣೆ. ಬೆರಳಿನಿಂದ ಮುಖ ತಟ್ಟುತ್ತಾರೆ, ಟಪ್ ಅಂತ ಸದ್ದು ಬರುತ್ತದೆ, "ಸರಿ ಇದೆ" ಅಂದು ಮುಂದೆ ಹೋಗುತ್ತಾರೆ. ತಟ್ಟಿದಾಗ ಬರುವ ಸದ್ದು ಸೂಜಿ ಅಲುಗಾಡಿದ ಸದ್ದು. ಸೂಜಿಯಿಂದ ಸ್ಪೀಕರ್‌ವರೆಗಿನ ದಾರಿ ಸರಿ ಇದೆ ಅಂತ ಅದು ಹೇಳುತ್ತದೆ. ಪ್ರೋಬ್ ಬಗ್ಗೆ, ರಿಲ್ಯಾಕ್ಸೆಂಟ್ ಬಗ್ಗೆ ಏನೂ ಹೇಳುವುದಿಲ್ಲ.

ಆದ್ದರಿಂದ ಈ ಕ್ರಮದಲ್ಲಿ ನೋಡಿ:

1. ಇಂಪೀಡೆನ್ಸ್. ಪ್ರತಿ ಸೂಜಿಯದ್ದು 5 ಕಿಲೋ ಓಮ್‌ಗಿಂತ ಕಡಿಮೆ, ಜೋಡಿಯ ನಡುವಿನ ವ್ಯತ್ಯಾಸ 1 ಕಿಲೋ ಓಮ್ ಒಳಗೆ ಇರಲಿ. ಜಾಸ್ತಿ ಇದ್ದರೆ ಸೂಜಿ ಹೊರಗೆ ಬಂದಿದೆ ಅಥವಾ ಪಿನ್ ಸರಿಯಾಗಿ ಕೂತಿಲ್ಲ.

2. ತಟ್ಟಿ ನೋಡುವುದು. ಒಂದೊಂದೇ ಜಾಗ ತಟ್ಟಿ, ಸರಿಯಾದ ಚಾನೆಲ್‌ನಲ್ಲೇ ಅಲೆ ಏಳುತ್ತಿದೆಯಾ ನೋಡಿ. ಕಣ್ಣು ತಟ್ಟಿದಾಗ ಬಾಯಿಯ ಚಾನೆಲ್ ಎದ್ದರೆ ಪಿನ್ ಅದಲುಬದಲಾಗಿದೆ.

3. ಸೆಟ್ಟಿಂಗ್. ಎಚ್ಚರಿಕೆಯ ಮಟ್ಟ ಸಾಮಾನ್ಯವಾಗಿ 100 ಮೈಕ್ರೋವೋಲ್ಟ್. ಸ್ಟಿಮ್ಯುಲೇಷನ್ ಸೆಕೆಂಡಿಗೆ 4 ಸಲ, ಪ್ರತಿ ಪಲ್ಸ್ 100 ಮೈಕ್ರೋಸೆಕೆಂಡ್. ಸದ್ದು ಸರ್ಜನ್‌ಗೆ ಕೇಳುವಷ್ಟು ಜೋರಾಗಿರಲಿ. ಹಿಂದಿನ ಕೇಸ್‌ನಲ್ಲಿ ಯಾರೋ ಸದ್ದು ಕಡಿಮೆ ಮಾಡಿಟ್ಟಿರುತ್ತಾರೆ, ನೋಡಿಕೊಳ್ಳಿ.

4. ಟ್ರೇನ್ ಆಫ್ ಫೋರ್ ಎಷ್ಟು ಅಂತ ಕೇಳಿ, ಬಾಯಿಬಿಟ್ಟು ಹೇಳಿಸಿ.

ಪ್ರೋಬ್‌ನ ತಪಾಸಣೆ ಇನ್ನೂ ಬಾಕಿ ಇದೆ. ಅದು ಗಾಯ ತೆರೆದ ಮೇಲೆ.

## ಹಂತ 5: ಪ್ರೋಬ್ ಕರೆಂಟ್ ಹೋಗುತ್ತಿದೆಯಾ ನೋಡುವುದು

ಚರ್ಮ ಎತ್ತಿದ ಮೇಲೆ, ನರದ ಹತ್ತಿರ ಹೋಗುವ ಮೊದಲು, ಪ್ರೋಬನ್ನು ಒದ್ದೆ ಇರುವ ಯಾವುದಾದರೂ ಅಂಗಾಂಶದ ಮೇಲೆ ಇಟ್ಟು ಪರದೆ ನೋಡಿ. ಹೆಚ್ಚಿನ ಮೆಷಿನ್‌ಗಳಲ್ಲಿ ಎರಡು ಅಂಕಿ ಇರುತ್ತವೆ: ನೀವು ಇಟ್ಟ ಕರೆಂಟ್, ನಿಜವಾಗಿ ಹೋದ ಕರೆಂಟ್. 1 ಮಿಲಿ ಆಂಪಿಯರ್ ಇಟ್ಟು ಅಲ್ಲಿ 1ರ ಹತ್ತಿರ ಬಂದರೆ ದಾರಿ ಪೂರ್ತಿ ಇದೆ. ಸೊನ್ನೆ ಬಂದರೆ ವೈರ್ ಕಳಚಿದೆ ಅಥವಾ ಡ್ರೇಪ್ ಕೆಳಗೆ ರಿಟರ್ನ್ ಎಲೆಕ್ಟ್ರೋಡ್ ಎದ್ದುಬಂದಿದೆ. ಈ ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಅದು ಬಟ್ಟೆಯ ಅಡಿಯಲ್ಲಿ ಇರುತ್ತದೆ. ಟೆಕ್ನಿಶಿಯನ್ ಕೈ ಒಳಗೆ ಹಾಕಿ ಮುಟ್ಟಿ ನೋಡಬೇಕು.

ಕುತ್ತಿಗೆಯ ಸ್ಟರ್ನೋಮ್ಯಾಸ್ಟಾಯ್ಡ್ ಸ್ನಾಯುವಿನ ಮೇಲೆ ಪ್ರೋಬ್ ಇಟ್ಟು ಅದು ಅದುರುವುದನ್ನು ನೋಡುವವರೂ ಇದ್ದಾರೆ. ಕರೆಂಟ್ ಹೋಗುತ್ತಿದೆ ಅನ್ನುವುದಕ್ಕೆ ಅದು ಒಳ್ಳೆಯ ಗುರುತು. ಟ್ರೇನ್ ಆಫ್ ಫೋರ್ ನೋಡುವ ಬದಲಿಗೆ ಮಾತ್ರ ಅದನ್ನು ಇಟ್ಟುಕೊಳ್ಳಬೇಡಿ.

ಈ ಐದೂ ಸರಿ ಇದ್ದರೂ ಮಾನಿಟರ್ ಇನ್ನೂ ಪೂರ್ತಿ ನಂಬಿಕೆಗೆ ಅರ್ಹವಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಈ ರೋಗಿಯಲ್ಲಿ, ಈ ದಿನ, ಮುಖದ ನರದಿಂದ ಒಂದು ನಿಜವಾದ ಉತ್ತರ ಬಂದಮೇಲೆ ಮಾತ್ರ ಆಮೇಲಿನ ಮೌನಕ್ಕೆ ಬೆಲೆ. ಅದಕ್ಕೆ ಮೊದಲು ಯಾವುದನ್ನೂ "ಪ್ರೋಬ್ ಸುಮ್ಮನಿತ್ತು" ಅನ್ನುವ ಒಂದೇ ಕಾರಣಕ್ಕೆ ಕತ್ತರಿಸಬೇಡಿ.

## ಹಂತ 6: ನರದ ಕಾಂಡ ಹುಡುಕುವುದು

ಮೊದಲು ಕಣ್ಣು, ಆಮೇಲೆ ಪ್ರೋಬ್. ಗುರುತುಗಳು ಎಲ್ಲರಿಗೂ ಗೊತ್ತಿರುವವೇ. ಕಿವಿಯ ಮುಂದಿನ ಮೃದ್ವಸ್ಥಿಯ ತುದಿ, ಅಂದರೆ ಟ್ರೇಗಲ್ ಪಾಯಿಂಟರ್, ನರ ಅದರಿಂದ ಸುಮಾರು 1 ಸೆಂಟಿಮೀಟರ್ ಒಳಗೆ ಮತ್ತು ಕೆಳಗೆ ಇರುತ್ತದೆ. ಟಿಂಪನೋಮ್ಯಾಸ್ಟಾಯ್ಡ್ ಹೊಲಿಗೆರೇಖೆ (ಕಿವಿಯ ನಾಳದ ಮೂಳೆ ಮತ್ತು ಕಿವಿಯ ಹಿಂದಿನ ಮೂಳೆ ಸೇರುವ ಗೆರೆ), ಅದರ ಕೆಳತುದಿಯಿಂದ 6ರಿಂದ 8 ಮಿಲಿಮೀಟರ್ ಒಳಗೆ. ದವಡೆಯಡಿಯ ಡೈಗಾಸ್ಟ್ರಿಕ್ ಸ್ನಾಯುವಿನ ಹಿಂದಿನ ಭಾಗ, ನರ ಹೆಚ್ಚುಕಡಿಮೆ ಅದೇ ಆಳದಲ್ಲಿ, ಸ್ವಲ್ಪ ಮೇಲೆ. ಮೂರನ್ನೂ ತೆರೆದು ನೋಡಿ. ಒಂದನ್ನೇ ನೆಚ್ಚಿಕೊಂಡರೆ, ದೊಡ್ಡ ಗಡ್ಡೆ ನರವನ್ನು ತಳ್ಳಿರುವ ಕೇಸ್‌ನಲ್ಲಿ ಮೋಸ ಹೋಗುತ್ತೀರಿ.

ಕಿರಿದಾದ ಆಳವಾದ ಗುಂಡಿಯಲ್ಲಿ ಕೆಲಸ ಮಾಡಬೇಡಿ. ಕಿವಿಯ ಮುಂಭಾಗ ಉದ್ದಕ್ಕೂ ಅಗಲವಾಗಿ ಬಿಡಿಸಿಕೊಂಡು ಒಟ್ಟಿಗೆ ಕೆಳಗಿಳಿಯಿರಿ. ಗುಂಡಿಯಲ್ಲಿ ರಕ್ತ ನಿಲ್ಲುತ್ತದೆ, ನಿಂತ ರಕ್ತದಲ್ಲಿ ಪ್ರೋಬ್ ಕರೆಂಟ್ ಹಂಚಿಹೋಗುತ್ತದೆ.

ಈಗ ಕರೆಂಟ್ ವಿಷಯ. ತುಂಬ ಗೊಂದಲ ಇರುವುದು ಇಲ್ಲಿ.

ಪ್ರೋಬ್ ಹಿಡಿದಾಗ ನೀವು ಕೇಳುವ ಪ್ರಶ್ನೆ ಎರಡು ಥರದ್ದು. "ನರ ಎಲ್ಲಿದೆ" ಅನ್ನುವುದು ಒಂದು. "ಇದನ್ನು ಕತ್ತರಿಸಬಹುದಾ" ಅನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಕರೆಂಟ್ ಆಗುವುದಿಲ್ಲ.

ಎಲ್ಲಿದೆ ಅಂತ ಹುಡುಕುವಾಗ 1 ಮಿಲಿ ಆಂಪಿಯರ್‌ನಿಂದ ಶುರು ಮಾಡಿ, ಹಳೆ ಗಾಯ ಮಾಗಿ ಗಟ್ಟಿಯಾದ ಅಂಗಾಂಶ ಜಾಸ್ತಿ ಇದ್ದರೆ 2ರವರೆಗೂ ಹೋಗಬಹುದು. ಉತ್ತರ ಬಂತು ಅಂದರೆ ನರ ಅಲ್ಲೇ ಅಂತಲ್ಲ, ಅಷ್ಟು ಕರೆಂಟ್ ಕೆಲವು ಮಿಲಿಮೀಟರ್ ಹರಡುತ್ತದೆ, ಆದ್ದರಿಂದ "ಹತ್ತಿರದಲ್ಲಿ ಎಲ್ಲೋ" ಅಂತ ಮಾತ್ರ ತಿಳಿಯಬೇಕು. ಆಗ ಕರೆಂಟ್ ಇಳಿಸುತ್ತ ಬನ್ನಿ. 0.5ಕ್ಕೆ ಯಾವ ಜಾಗ ಉತ್ತರ ಕೊಡುತ್ತದೆ, 0.3ಕ್ಕೆ ಯಾವ ಜಾಗ. ಆರೋಗ್ಯವಾಗಿರುವ, ಮೇಲೆ ಏನೂ ಹೊದಿಕೆ ಇಲ್ಲದ ನರ ಸಾಮಾನ್ಯವಾಗಿ 0.3 ಅಥವಾ ಅದಕ್ಕಿಂತ ಕಡಿಮೆಯಲ್ಲೇ ಮಾತಾಡುತ್ತದೆ.

ಕತ್ತರಿಸಬಹುದಾ ಅಂತ ಕೇಳುವಾಗ ತಿರುಗಾ ಮುರುಗಾ. ಇಲ್ಲಿ ಕರೆಂಟ್ ಜಾಸ್ತಿ ಇರಬೇಕು. 0.3ಕ್ಕೆ ಸದ್ದು ಬರಲಿಲ್ಲ ಅಂದರೆ ಒಂದು ಪದರ ಅಂಗಾಂಶದ ಅಡಿಯಲ್ಲಿ ನರ ಅಡಗಿರಬಹುದು. 1ಕ್ಕೂ ಬರಲಿಲ್ಲ, ಪರದೆಯಲ್ಲಿ ಕರೆಂಟ್ ಹೋದದ್ದು ಕಾಣುತ್ತಿದೆ, ಸ್ವಲ್ಪ ಹೊತ್ತಿನ ಹಿಂದೆ ಗೊತ್ತಿರುವ ನರದಿಂದ ಉತ್ತರ ಬಂದಿತ್ತು, ಕಣ್ಣಿಗೂ ಅದು ನರದ ಥರ ಕಾಣುತ್ತಿಲ್ಲ. ಈ ನಾಲ್ಕೂ ಕೂಡಿಬಂದರೆ ಕತ್ತರಿಸಿ. ಕಡಿಮೆ ಕರೆಂಟ್ ಸುರಕ್ಷಿತ ಅಂದುಕೊಂಡು ಇಡೀ ಸರ್ಜರಿ 0.3ರಲ್ಲೇ ಇಟ್ಟುಕೊಂಡು, ಮೌನವನ್ನು ನಂಬಿ ಕತ್ತರಿಸುತ್ತ ಹೋಗುವುದು ನಾನು ಕಂಡಿರುವ ಅತಿ ಅಪಾಯದ ಅಭ್ಯಾಸ.

ಪ್ರೋಬ್ ಇಡುವ ಮೊದಲು ಆ ಜಾಗದ ರಕ್ತ, ಸಲೈನ್ ಹೀರಿ ತೆಗೆಯಿರಿ. ತೇವ ಇರಲಿ, ಕೆರೆ ಇರಬಾರದು.

ಕಾಂಡ ಸಿಕ್ಕಿತು ಅಂದಾಗ ಏನು ಕೇಳಬೇಕು? ಸೆಕೆಂಡಿಗೆ ನಾಲ್ಕರಂತೆ, ಒಂದೇ ಲಯದಲ್ಲಿ, ಟಕ್ ಟಕ್ ಟಕ್ ಟಕ್. ಪರದೆಯಲ್ಲಿ ಎಲ್ಲ ಚಾನೆಲ್‌ಗಳಲ್ಲೂ ಅಲೆ ಏಳಬೇಕು, ಪಾರದರ್ಶಕ ಡ್ರೇಪ್ ಒಳಗೆ ಕಣ್ಣೂ ಬಾಯಿಯೂ ಅದೇ ಲಯಕ್ಕೆ ಮಿಡುಕಬೇಕು. ಪ್ರೋಬ್ ಎತ್ತಿದ ಕೂಡಲೇ ಎಲ್ಲ ನಿಲ್ಲಬೇಕು, ಇಟ್ಟ ಕೂಡಲೇ ಮತ್ತೆ ಬರಬೇಕು. ಬಾಯಿಯ ಚಾನೆಲ್ ಮಾತ್ರ ಎದ್ದರೆ ನಿಮ್ಮ ಕೈಯಲ್ಲಿರುವುದು ಬಹುಶಃ ಕಾಂಡ ಅಲ್ಲ, ಕೆಳಗಿನ ಕವಲು. ಆ ಹೊತ್ತಿಗೇ, ಎಷ್ಟು ಕರೆಂಟ್‌ಗೆ ಉತ್ತರ ಬಂತು, ಯಾವ ಚಾನೆಲ್‌ನಲ್ಲಿ ಎಷ್ಟು ಮೈಕ್ರೋವೋಲ್ಟ್ ಅಂತ ಟೆಕ್ನಿಶಿಯನ್ ಬರೆದುಕೊಳ್ಳಲಿ. ಕೊನೆಯಲ್ಲಿ ಹೋಲಿಸಲು ಇದೇ ಆಧಾರ.

ದವಡೆ ಅದುರಿದರೆ ಮೋಸಹೋಗಬೇಡಿ, ಅದು ಮ್ಯಾಸೆಟರ್. ಕಿವಿಯ ಕೆಳಗೆ ಸಿಗುವ ಬೆಳ್ಳನೆಯ ದಪ್ಪ ಎಳೆ, ಗ್ರೇಟರ್ ಆರಿಕ್ಯುಲರ್ ನರ, ಎಷ್ಟು ಕೇಳಿದರೂ ಉತ್ತರ ಕೊಡುವುದಿಲ್ಲ, ಅದು ಸಂವೇದನೆಯ ನರ. ಮೌನ ಇದ್ದರೂ ಅದು ನರವೇ, ಸಾಧ್ಯವಾದರೆ ಅದರ ಹಿಂದಿನ ಕವಲನ್ನು ಉಳಿಸಿ.

ಮೊದಲೊಮ್ಮೆ ಸರ್ಜರಿ ಆಗಿ ಮತ್ತೆ ಗಡ್ಡೆ ಬಂದವರಲ್ಲಿ ಕಾಂಡದ ಸುತ್ತ ಎಲ್ಲ ಇಂಥ ಗಟ್ಟಿಯಾದ ಹಳೆ ಗಾಯದ ಅಂಗಾಂಶವೇ ಇರುತ್ತದೆ. ಅಲ್ಲಿ ಹಟ ಹಿಡಿಯದೇ ಹೊರಗಿನ ಕವಲು ಹಿಡಿದು ಹಿಂದಕ್ಕೆ ಬನ್ನಿ. ಕೆಳದವಡೆಯ ಕವಲು ಮುಖದ ರಕ್ತನಾಳಗಳ ಮೇಲೆ ಹಾದುಹೋಗುತ್ತದೆ, ಕೆನ್ನೆಯ ಕವಲು ಪೆರೋಟಿಡ್ ನಾಳದ ಜೊತೆಗೆ ಓಡುತ್ತದೆ. ಮಾನಿಟರ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಂಥ ಕೇಸ್‌ಗಳಲ್ಲೇ.

## ಹಂತ 7: ಗ್ರಂಥಿ ಬಿಡಿಸುವಾಗ ಕಿವಿ ತೆರೆದಿರಲಿ

ನರದ ಮೇಲೆ, ನರದ ದಿಕ್ಕಿನಲ್ಲೇ ಕ್ಲ್ಯಾಂಪ್ ತೂರಿಸಿ, ಎತ್ತಿ, ಬಿಡಿಸಿ, ಕೆಳಗೆ ನರ ಕಂಡಮೇಲೆ ಮೇಲಿನ ಸೇತುವೆ ಕತ್ತರಿಸಿ. ಅನುಮಾನ ಬಂದ ಪ್ರತಿ ಎಳೆಗೂ ಪ್ರೋಬ್ ಮುಟ್ಟಿಸಿ. ಹಾಗಂತ ಎರಡು ಸೆಕೆಂಡಿಗೊಮ್ಮೆ ಕಾಂಡವನ್ನೇ ಚುಚ್ಚುತ್ತ ಇರಬೇಕಾಗಿಲ್ಲ.

ಪ್ರೋಬ್ ಮುಟ್ಟಿಸದೆಯೂ ಸದ್ದು ಬರುತ್ತದೆ. ಅದನ್ನು ಬೇರ್ಪಡಿಸಲು ಕಲಿಯಬೇಕು.

ಒಂದೆರಡು ಚಿಟಪಟ, ನೀವು ಮುಟ್ಟಿದ ಕ್ಷಣಕ್ಕೇ ಬಂದು ತಕ್ಷಣ ನಿಂತರೆ, ನರವನ್ನು ಕದಲಿಸಿದ್ದೀರಿ. ಹೆದರಬೇಕಾಗಿಲ್ಲ, ಆದರೆ ಎಲ್ಲಿ ಅಂತ ನೋಡಿ.

ಕೈ ಎತ್ತಿದ ಮೇಲೂ ಸೆಕೆಂಡುಗಟ್ಟಲೆ ಚಟಚಟ ಅಂತ ಮುಂದುವರಿದರೆ ನರಕ್ಕೆ ಎಳೆತವೋ ಒತ್ತಡವೋ ಆಗುತ್ತಿದೆ. ಹೆಚ್ಚಿನ ಸಲ ತಪ್ಪಿತಸ್ಥ ಸರ್ಜನ್ ಕೈಯಲ್ಲಿರುವ ಕತ್ತರಿ ಅಲ್ಲ, ಗಡ್ಡೆಯನ್ನು ಎಳೆದು ಹಿಡಿದಿರುವ ಸಹಾಯಕರ ಕೈ. ಎಳೆತ ಸಡಿಲಿಸಿ, ಬೆಚ್ಚಗಿನ ಸಲೈನ್ ಬಿಡಿ, ಸದ್ದು ನಿಲ್ಲುವವರೆಗೆ ಕಾಯಿರಿ. ತಣ್ಣನೆಯ ಸಲೈನ್ ಬಿಟ್ಟರೆ ಅದೇ ಇಂಥ ಸದ್ದು ಎಬ್ಬಿಸುತ್ತದೆ, ಆದ್ದರಿಂದ ಬೆಚ್ಚಗಿರಲಿ.

ಎಲ್ಲ ಚಾನೆಲ್‌ಗಳಲ್ಲೂ ಒಂದೇ ಕ್ಷಣಕ್ಕೆ ಒಂದೇ ಆಕಾರದ ಗೀಟು ಬಂದರೆ ಅದು ಎರಡು ಲೋಹದ ಉಪಕರಣ ತಾಗಿದ್ದು ಅಥವಾ ಬೇರೆ ವಿದ್ಯುತ್ ಗದ್ದಲ. ನಿಲ್ಲದ ಗುಂಯ್ ಅಂದರೆ ಮುಖ್ಯವಾಗಿ ವೈರ್ ಅಥವಾ ಗ್ರೌಂಡ್ ಸಮಸ್ಯೆ. ನೀವು ಏನೂ ಮುಟ್ಟದೇ ಇದ್ದರೂ ಎಲ್ಲ ಚಾನೆಲ್‌ಗಳಲ್ಲಿ ಸಣ್ಣ ಸಣ್ಣ ಅಲೆ ಏರುತ್ತಿದ್ದರೆ ಅನಸ್ತೇಷಿಯಾದವರಿಗೆ ಹೇಳಿ, ರೋಗಿಯ ಮಂಪರು ತಿಳಿಯಾಗುತ್ತಿರಬಹುದು.

ಸದ್ದೇ ಇಲ್ಲದ ಹಾನಿಗಳೂ ಇವೆ, ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಕಾಟರಿ ನಡೆಯುವಾಗ ಮಾನಿಟರ್ ಕಿವುಡು. ಮ್ಯೂಟ್ ಕ್ಲಿಪ್ ಇರುವುದೇ ಅದಕ್ಕೆ. ಶಾಖದಿಂದ ನರ ಸುಟ್ಟರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಹರಿತವಾದ ಬ್ಲೇಡ್‌ನಿಂದ ನೇರವಾಗಿ ಕತ್ತರಿಸಿದಾಗಲೂ ಒಂದು ಸಣ್ಣ ಚಿಟ್, ಅಥವಾ ಏನೂ ಇಲ್ಲ. ನರದ ಪಕ್ಕ ಕಡಿಮೆ ಪವರ್‌ನ ಬೈಪೋಲಾರ್ ಕಾಟರಿ ಮಾತ್ರ, ಅದೂ ನರ ಕಣ್ಣಿಗೆ ಕಾಣುತ್ತಿರುವಾಗ ಮಾತ್ರ.

## ಹಂತ 8: ಇದ್ದ ಉತ್ತರ ಹೋಯಿತು, ಈಗೇನು

ಗಾಬರಿಯಾಗಿ ಕರೆಂಟ್ ಏರಿಸುವುದು ಮೊದಲ ಪ್ರತಿಕ್ರಿಯೆ. ಬೇಡ. ಕೈ ನಿಲ್ಲಿಸಿ, ಈ ಕ್ರಮದಲ್ಲಿ ಹೋಗಿ.

1. ಪರದೆಯಲ್ಲಿ ಕರೆಂಟ್ ಹೋಗುತ್ತಿದೆಯಾ? ಇಲ್ಲದಿದ್ದರೆ ಪ್ರೋಬ್ ವೈರ್, ರಿಟರ್ನ್ ಎಲೆಕ್ಟ್ರೋಡ್.
2. ಪ್ರೋಬ್ ಇಟ್ಟ ಜಾಗದಲ್ಲಿ ರಕ್ತ ನಿಂತಿದೆಯಾ?
3. ರಿಲ್ಯಾಕ್ಸೆಂಟ್ ಏನಾದರೂ ಕೊಟ್ಟರಾ? ಟ್ರೇನ್ ಆಫ್ ಫೋರ್ ಈಗ ಎಷ್ಟು?
4. ಇಂಪೀಡೆನ್ಸ್ ಮತ್ತೆ ನೋಡಿ. ಸೂಜಿ ಒಂದು ಎದ್ದಿರಬಹುದು.
5. ಪ್ರೋಬ್ ಇಟ್ಟಾಗ ಮುಖ ಕಣ್ಣಿಗೆ ಕಾಣುವಂತೆ ಮಿಡುಕುತ್ತಿದೆಯಾ? ಮಿಡುಕುತ್ತಿದ್ದರೆ ನರ ಸರಿ ಇದೆ, ಕೆಟ್ಟಿರುವುದು ಸೂಜಿಯ ಕಡೆ.

ಐದೂ ಸರಿ ಇದ್ದು ಕಾಂಡ ಮಾತ್ರ ಸುಮ್ಮನಿದ್ದರೆ, ನರದ ಉದ್ದಕ್ಕೂ ತುದಿಯ ಕಡೆಗೆ ಒಂದೊಂದೇ ಹೆಜ್ಜೆ ಪ್ರೋಬ್ ಇಡುತ್ತ ಹೋಗಿ. ಎಲ್ಲಿಂದ ಆಚೆ ಉತ್ತರ ಶುರುವಾಗುತ್ತದೋ ಅದರ ಹಿಂದೆಯೇ ಪೆಟ್ಟಾಗಿದೆ. ಅಲ್ಲಿ ಮೈಕ್ರೋಸ್ಕೋಪ್ ಅಥವಾ ಲೂಪ್ (ದೊಡ್ಡದಾಗಿ ತೋರಿಸುವ ಕನ್ನಡಕ) ಹಾಕಿ ನೋಡಿ. ನರ ಅಖಂಡವಾಗಿದ್ದು ಎಳೆತದಿಂದ ಹೀಗಾಗಿದ್ದರೆ ಬಿಟ್ಟುಬಿಡುವುದೇ ಸರಿ. ಕತ್ತರಿಸಿಹೋಗಿದ್ದರೆ ಅದೇ ಟೇಬಲ್ ಮೇಲೆ ಹೊಲಿಯಬೇಕು, ಎಳೆತ ಬರುವುದಾದರೆ ನಡುವೆ ನರದ ತುಂಡು ಸೇರಿಸಬೇಕು.

## ಹಂತ 9: ಹೊಲಿಯುವ ಮೊದಲು ಕೊನೆಯ ಪರೀಕ್ಷೆ

ಗ್ರಂಥಿ ಹೊರಬಂದಮೇಲೆ ಕಾಂಡದ ಬುಡದಲ್ಲಿ, ಅಂದರೆ ನರ ಮೂಳೆಯಿಂದ ಹೊರಬರುವ ಜಾಗಕ್ಕೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಪ್ರೋಬ್ ಇಡಿ. ಇದು ತೀರಾ ಮುಖ್ಯ. ಕತ್ತರಿಸಿಹೋದ ನರದ ಹೊರತುದಿ ಎರಡು ಮೂರು ದಿನ ಜೀವಂತವಾಗಿಯೇ ಉತ್ತರ ಕೊಡುತ್ತದೆ. ಕೆನ್ನೆಯ ಕಡೆಯ ಕವಲಿಗೆ ಪ್ರೋಬ್ ಮುಟ್ಟಿಸಿ, ಟಕ್ ಟಕ್ ಕೇಳಿ, "ನರ ಸರಿ ಇದೆ" ಅಂತ ಬರೆದು, ರೋಗಿ ಎದ್ದಮೇಲೆ ಅರ್ಧ ಮುಖ ಅಲುಗಾಡದೇ ಇರುವುದು ಹೀಗೆಯೇ. ಪೆಟ್ಟಾದ ಜಾಗಕ್ಕಿಂತ ಹಿಂದೆ ಕೇಳಿದರೆ ಮಾತ್ರ ಪೆಟ್ಟು ಗೊತ್ತಾಗುತ್ತದೆ.

ಕಡಿಮೆಯಿಂದ ಶುರು ಮಾಡಿ ಏರಿಸುತ್ತ ಹೋಗಿ. ಎಷ್ಟಕ್ಕೆ ಉತ್ತರ ಬಂತು, ಎಲ್ಲ ಚಾನೆಲ್‌ಗಳಲ್ಲಿ ಬಂತಾ, ಹಂತ 6ರಲ್ಲಿ ಬರೆದಿಟ್ಟ ಅಂಕಿಗೆ ಹೋಲಿಸಿದರೆ ಹೇಗಿದೆ. ಮೊದಲಿನಷ್ಟೇ ಇದ್ದರೆ ಮುಖ ಚೆನ್ನಾಗಿ ಕೆಲಸ ಮಾಡುವ ಸಾಧ್ಯತೆ ತುಂಬ ಜಾಸ್ತಿ. ಮೊದಲು 0.2ಕ್ಕೆ ಬರುತ್ತಿದ್ದದ್ದು ಈಗ 0.8 ಬೇಕಾದರೆ ಕೆಲವು ವಾರಗಳ ದೌರ್ಬಲ್ಯಕ್ಕೆ ರೋಗಿಯನ್ನೂ ಮನೆಯವರನ್ನೂ ಸಿದ್ಧ ಮಾಡಿ. ಒಂದು ಚಾನೆಲ್ ಮಾತ್ರ ಬಿದ್ದಿದ್ದರೆ ಆ ಕವಲನ್ನು ಮತ್ತೊಮ್ಮೆ ಉದ್ದಕ್ಕೂ ಕಣ್ಣಾರೆ ನೋಡಿ.

ಚರ್ಮ ಹೊಲಿಯುವಾಗ ನೋವಿಗೆ ಅಂತ ಆಳಕ್ಕೆ ಬುಪಿವಕೇನ್ ಚುಚ್ಚುವುದೂ ಬೇಡ. ಎದ್ದಮೇಲೆ ಮುಖ ಜೋಲಿದರೆ ಔಷಧಿಯಿಂದಲೋ ಪೆಟ್ಟಿನಿಂದಲೋ ತಿಳಿಯದೇ ಇಡೀ ರಾತ್ರಿ ಎಲ್ಲರೂ ಒದ್ದಾಡಬೇಕಾಗುತ್ತದೆ.

## ದವಡೆಯಡಿಯ ಗ್ರಂಥಿ ಆದರೆ

ಸಬ್‌ಮ್ಯಾಂಡಿಬುಲರ್ ಗ್ರಂಥಿಯಲ್ಲಿ ಅಪಾಯ ಇರುವುದು ಕೆಳದವಡೆಯ ಕವಲಿಗೆ. ಗದ್ದ ಮತ್ತು ಬಾಯಿಯ ಮೂಲೆ, ಎರಡು ಚಾನೆಲ್ ಸಾಕು. ಕೊಯ್ತ ದವಡೆಯ ಅಂಚಿನಿಂದ ಎರಡು ಬೆರಳಿನಷ್ಟು ಕೆಳಗೆ ಇರಲಿ. ಕವಲು ತುಂಬ ತೆಳ್ಳಗಿರುವುದರಿಂದ ಪ್ರೋಬ್ ಹಗುರವಾಗಿ ಮುಟ್ಟಿಸಿ. ಮುಖದ ರಕ್ತನಾಳವನ್ನು ಕೆಳಗೆ ಕಟ್ಟಿ ಮೇಲಕ್ಕೆ ಎತ್ತಿಕೊಂಡರೆ ಕವಲು ಅದರ ಜೊತೆ ಮೇಲೆ ಹೋಗುತ್ತದೆ. ಕುತ್ತಿಗೆಯ ಚರ್ಮದಡಿಯ ತೆಳು ಪ್ಲಟಿಸ್ಮಾ ಸ್ನಾಯುವಿನ ಮೇಲೆ ಪ್ರೋಬ್ ಇಟ್ಟರೆ ಸ್ನಾಯುವೇ ನೇರವಾಗಿ ಅದುರುತ್ತದೆ, ಅದನ್ನು ನರದ ಉತ್ತರ ಅಂದುಕೊಳ್ಳಬೇಡಿ. ಒಳಗಿರುವ ನಾಲಿಗೆಯ ಸಂವೇದನೆಯ ನರವನ್ನು ಈ ಮಾನಿಟರ್ ಕಾಯುವುದಿಲ್ಲ, ಅದನ್ನು ಕಣ್ಣಿನಿಂದಲೇ ಕಾಯಬೇಕು.

## ಹಂತ 10: ಸೂಜಿ ತೆಗೆದು, ರೋಗಿ ಎದ್ದಮೇಲೆ

ಸೂಜಿಗಳನ್ನು ಎಣಿಸಿ ತೆಗೆಯಿರಿ, ಶಾರ್ಪ್ಸ್ ಡಬ್ಬಕ್ಕೆ ಹಾಕಿ. ಕಣ್ಣಿನ ಜಾಗವನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ರೆಪ್ಪೆ ನೀಲಿಗಟ್ಟುತ್ತದೆ. ಡ್ರೇಪ್ ಸುತ್ತಿ ಎಸೆಯುವ ಗಡಿಬಿಡಿಯಲ್ಲಿ ಒಂದು ಸೂಜಿ ಉಳಿದು ಸ್ವಚ್ಛ ಮಾಡುವವರ ಕೈಗೆ ಚುಚ್ಚುವುದು ಆಗಬಾರದು.

ರಿಕವರಿಯಲ್ಲಿ ರೋಗಿ ಮಾತು ಕೇಳುವಷ್ಟು ಎಚ್ಚರವಾದ ಕೂಡಲೇ ಹುಬ್ಬು, ಕಣ್ಣು, ಹಲ್ಲು, ತುಟಿ ನೋಡಿ ಬರೆಯಿರಿ. ಇದನ್ನು ಮರುದಿನದ ರೌಂಡ್ಸ್‌ಗೆ ಬಿಡಬೇಡಿ. ಎದ್ದಾಗ ಸರಿ ಇದ್ದ ಮುಖ ಮರುದಿನ ಸೋತರೆ ಅದು ಊತದಿಂದ ಇರಬಹುದು, ಎದ್ದಾಗಲೇ ಅಲುಗಾಡದಿದ್ದರೆ ಕಥೆ ಬೇರೆ. ಕೊನೆಯಲ್ಲಿ ಕಾಂಡದ ಬುಡದಿಂದ ಒಳ್ಳೆಯ ಉತ್ತರ ಸಿಕ್ಕಿದ್ದು ಈಗ ದೌರ್ಬಲ್ಯ ಕಂಡರೆ ಹೆಚ್ಚಿನವರಲ್ಲಿ ಅದು ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಬುಡದಿಂದ ಉತ್ತರವೇ ಸಿಕ್ಕಿರಲಿಲ್ಲ, ನರ ಅಖಂಡ ಅಂತ ಕಣ್ಣಾರೆ ನೋಡಿಯೂ ಇಲ್ಲ ಅಂದರೆ ಹಿರಿಯರನ್ನು ಅವತ್ತೇ ಕರೆಯಿರಿ, ಏಕೆಂದರೆ ಹೊರತುದಿ ಪ್ರೋಬ್‌ಗೆ ಉತ್ತರ ಕೊಡುವ ಅವಧಿ ಮೂರು ದಿನ ಮಾತ್ರ, ಆಮೇಲೆ ಕವಲುಗಳನ್ನು ಹುಡುಕುವುದು ತುಂಬ ಕಷ್ಟ.

ಕಣ್ಣು ಪೂರ್ತಿ ಮುಚ್ಚದಿದ್ದರೆ ಕಾಯುವುದು ಬೇಡ. ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಆಯಿಂಟ್‌ಮೆಂಟ್ ಹಾಕಿ ರೆಪ್ಪೆಗೆ ಟೇಪ್. ಟೇಪ್ ಹಚ್ಚುವುದನ್ನು ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಿ. ಕಣ್ಣು ಕೆಂಪಾದರೆ, ಚುಚ್ಚಿದಂತಾದರೆ ಅಥವಾ ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರನ್ನು ಕಾಣಬೇಕು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದುಕೊಡಿ.